ನಿಲ್ಲುತ್ತ ನಿಲ್ಲುತ್ತ ಧಾರವಾಡಕ್ಕೆ

ಪ್ರಯಾಣಿಕರಲ್ಲಿ ಎರಡು ಪಂಗಡಗಳುಂಟು. ಹೊರಟ ಕ್ಷಣದಿಂದಲೇ ಗಡಿಯಾರವನ್ನೂ ಮೈಲಿಗಲ್ಲನ್ನೂ ನೋಡುತ್ತ, ಊರು ಸೇರಿದೊಡನೆ 'ಇಷ್ಟೇ ಗಂಟೆಯಲ್ಲಿ ಬಂದೆ' ಎಂದು ಹೇಳಿಕೊಂಡು ಸುಖಪಡುವವರದು ಒಂದು. ಹೊಗೆಯಿದ್ದಲ್ಲಿ ಬೆಂಕಿ, ಬೆಂಕಿಯಿದ್ದಲ್ಲಿ ಬಾಣಲೆ ಎಂದು ತರ್ಕಶಾಸ್ತ್ರದ ಆಧಾರದಿಂದಲೇ ಸಾಧಿಸಿ, ಹತ್ತು ಮೈಲಿಗೊಮ್ಮೆ ವಾಹನವನ್ನು ನಿಲ್ಲಿಸುವವರದು ಇನ್ನೊಂದು. ನಾನು ಮೊದಲನೆಯ ಪಂಗಡದವನು. ನನ್ನ ಗೆಳೆಯ ಎರಡನೆಯದರ ಅಧ್ಯಕ್ಷ. ಈ ಇಬ್ಬರೂ ಒಂದೇ ಕಾರಿನಲ್ಲಿ ಕುಳಿತರೆ ಏನಾಗುವುದೆಂಬುದನ್ನು 2023ರ ಜನವರಿಯಲ್ಲಿ ಬೆಂಗಳೂರಿನಿಂದ ಧಾರವಾಡದವರೆಗೆ, ಸುಮಾರು 430 ಕಿಲೋಮೀಟರು, ನಾನು ಅನುಭವಿಸಿದೆನು.

"ಊರಿನಲ್ಲಿ ಸ್ವಲ್ಪ ಕೆಲಸವಿದೆ, ಬರುತ್ತೀಯಾ?" ಎಂದಷ್ಟೇ ಅವನು ಕೇಳಿದ್ದನು. ಧಾರವಾಡ ಅವನು ಹುಟ್ಟಿ ಬೆಳೆದ ಊರು. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದೆಂದು ನನ್ನ ಲೆಕ್ಕಾಚಾರ.

ಲೆಕ್ಕ ತುಮಕೂರಿಗೆ ಮುಂಚೆಯೇ, ಕ್ಯಾತ್ಸಂದ್ರದಲ್ಲಿ ತಪ್ಪಿತು. ಅಲ್ಲಿಯ ತಟ್ಟೆ ಇಡ್ಲಿಯನ್ನು ತಿನ್ನದೆ ಮುಂದೆ ಹೋಗುವುದು ಕ್ಷೇತ್ರಾಪಚಾರವೆಂದು ಗೆಳೆಯ ಘೋಷಿಸಿದನು. ತಟ್ಟೆಯಷ್ಟೇ ಅಗಲದ ಇಡ್ಲಿ, ಮೇಲೆ ಬೆಣ್ಣೆ. ಒಂದಕ್ಕೇ ನನ್ನ ಹೊಟ್ಟೆ ತುಂಬಿತು. ಅವನು ಮೂರನೆಯದಕ್ಕೆ ಕೈಯೆತ್ತಿದಾಗ ಮಾಣಿ ಅನುಮಾನದಿಂದ, "ಪಾರ್ಸಲ್ಲೇ ಸಾರ್?" ಎಂದನು. "ಹೌದಪ್ಪ, ಇಲ್ಲಿಯೇ ಕಟ್ಟುತ್ತೇನೆ" ಎಂದು ಗೆಳೆಯ ಹೊಟ್ಟೆ ತಟ್ಟಿಕೊಂಡನು.

ಹಿರಿಯೂರು ಬಂದಾಗ, "ಮಾರಿಕಣಿವೆ ನೋಡೋಣ" ಎಂದನು. ಅದು ಹೆದ್ದಾರಿಯ ಮೇಲಿಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿ 1907ರಲ್ಲಿ ಮುಗಿಸಿದ ಈ ವಾಣೀವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಾವು ಹೋದದ್ದು ಅದಾಗಿ ನಾಲ್ಕು ತಿಂಗಳಿಗೆ. "ಮುಂದಿನ ಕೋಡಿ ಯಾವಾಗ?" ಎಂದು ಗೆಳೆಯ ಎಳನೀರಿನವನನ್ನು ಕೇಳಿದನು. ಆತ ಮಚ್ಚನ್ನು ಕೆಳಗಿಟ್ಟು, ಬೆರಳು ಮಡಿಸಿ ಎಣಿಸಿ, "ಹೋದ ಸಲದ್ದು ಎಂಬತ್ತೊಂಬತ್ತು ವರ್ಷಕ್ಕೆ ಬಂತು. ಆ ಲೆಕ್ಕದಲ್ಲಿ 2111ಕ್ಕೆ ಸ್ವಾಮಿ. ತಪ್ಪದೆ ಬನ್ನಿ, ಎಳನೀರನ್ನು ಇದೇ ರೇಟಿಗೆ ಕೊಡುತ್ತೇನೆ" ಎಂದನು.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ಎದುರುಬದುರಾಗಿದ್ದ ಎರಡು ಹೋಟೆಲುಗಳೂ ತಾನೇ ಮೂಲವೆಂದೂ, ಬೇರೆಲ್ಲಿಯೂ ಶಾಖೆಯಿಲ್ಲವೆಂದೂ ಫಲಕ ಹಾಕಿಕೊಂಡಿದ್ದುವು. ಗೆಳೆಯ ನ್ಯಾಯಾಧೀಶನಂತೆ ಎರಡೂ ಕಡೆಯ ವಾದವನ್ನು ಸಂಪೂರ್ಣವಾಗಿ ಸವಿದು, ತೀರ್ಪನ್ನು ಕಾದಿರಿಸಿದನು. ಹರಿಹರದಲ್ಲಿ ತುಂಗಭದ್ರೆಯ ತಡಿಯ, ಹೊಯ್ಸಳರ ಕಾಲದ ದೇವಾಲಯಕ್ಕೆ ಹೋಗಲೇಬೇಕಾಯಿತು. ಅರ್ಧ ಹರಿ, ಅರ್ಧ ಹರನಾದ ಮೂರ್ತಿಯನ್ನು ತೋರಿಸಿ, "ನೋಡು, ಒಂದೇ ನಿಲುಗಡೆಯಲ್ಲಿ ಇಬ್ಬರು ದೇವರು. ನಿನ್ನ ಸಮಯ ಉಳಿಸಿದೆ" ಎಂದನು. ಆಗ ಗಂಟೆ ಮೂರೂವರೆ.

ಮೋಟೆಬೆನ್ನೂರಿನ ಬಳಿ ಮತ್ತೆ ಕಾರು ನಿಂತಿತು. ಬ್ಯಾಡಗಿಯ ಮೆಣಸಿನಕಾಯಿ ಬೇಕಂತೆ! ಕಡ್ಡಿಯೇ ಡಬ್ಬಿಯೇ ಎಂದು ಅರ್ಧ ಗಂಟೆ ಚರ್ಚಿಸಿ ಐದು ಕಿಲೋ ಕೊಂಡನು. ಹಾವೇರಿ ದಾಟುವಷ್ಟರಲ್ಲಿ ಅವನು ಮಾತು ನಿಲ್ಲಿಸಿದ್ದನು. ತಿರುಗಿ ನೋಡಿದೆ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದನು.

"ಮೆಣಸಿನಕಾಯಿಯ ಘಾಟು" ಎಂದನು.

ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದಕ್ಕಾಗಿಯೇ ಅದು ಪ್ರಸಿದ್ಧ. ಇದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂಬುದು ಅವನಿಗೂ ಗೊತ್ತಿತ್ತು. ನಾನು ಏನನ್ನೂ ಕೇಳಲಿಲ್ಲ. ನಾಲ್ಕು ಮೈಲಿ ಕಳೆದ ಮೇಲೆ ಅವನೇ ಹೇಳಿದನು: ತಂದೆ ಕಟ್ಟಿಸಿದ ಮನೆಯನ್ನು ಮಾರುತ್ತಿದ್ದಾನೆ. ತಾಯಿ ತೀರಿಕೊಂಡ ಮೇಲೆ ಅಲ್ಲಿ ದೀಪ ಹಚ್ಚುವವರಿಲ್ಲ, ಮಕ್ಕಳು ಪರದೇಶದಲ್ಲಿ. ನಾಳೆ ಹನ್ನೊಂದಕ್ಕೆ ನೋಂದಣಿ. "ಸಂಜೆಯೊಳಗೆ ತಲಪಿದರೆ ಕೊಳ್ಳುವವರು ಇಂದೇ ಬಂದು ಕೋಣೆಗಳ ಅಳತೆ ತೆಗೆಯುತ್ತೇವೆಂದಿದ್ದಾರೆ. ರಾತ್ರಿ ತಲಪಿದರೆ ಇದೊಂದು ದಿನ ಅದು ನಮ್ಮ ಮನೆ" ಎಂದನು.

ಆ ಮೇಲೆ ಕಾರನ್ನು ನಿಲ್ಲಿಸುವ ಕೆಲಸ ನನ್ನದಾಯಿತು. ಹುಬ್ಬಳ್ಳಿಯಲ್ಲಿ ನನಗೆ ಇದ್ದಕ್ಕಿದ್ದಂತೆ ಗಿರ್ಮಿಟ್ ಮತ್ತು ಮಿರ್ಚಿ ಭಜಿಯ ಮೇಲೆ ಅಪಾರವಾದ ಆಸೆ ಹುಟ್ಟಿತು. ಚಹಾ ಬಿಸಿಯಿಲ್ಲವೆಂದು ಇನ್ನೊಂದು ತರಿಸಿದೆ. ಚಕ್ರದ ಗಾಳಿ ಸರಿಯಾಗಿದ್ದರೂ ನೋಡಿಸಿದೆ. ಗೆಳೆಯ ಪಕ್ಕದಲ್ಲಿ ನಿಂತು, "ಸ್ಪೇರ್ ಚಕ್ರವನ್ನೂ ನೋಡಿಸಿಬಿಡು" ಎಂದನು. ಇಬ್ಬರೂ ನಕ್ಕೆವು. ಧಾರವಾಡ ಸೇರಿದಾಗ ರಾತ್ರಿ ಒಂಬತ್ತೂವರೆ.

ಆ ರಾತ್ರಿ ಬರಿಯ ನೆಲದ ಮೇಲೆ ಜಮಖಾನೆ ಹಾಸಿಕೊಂಡು ಮಲಗಿದೆವು. ನಡುರಾತ್ರಿಯವರೆಗೆ ಅವನು ಕೋಣೆಯಿಂದ ಕೋಣೆಗೆ ತಿರುಗಿ, ಪ್ರತಿಯೊಂದು ದೀಪವನ್ನೂ ಹಚ್ಚಿ ಆರಿಸುತ್ತಿದ್ದನು. ಮರುದಿನ ಹನ್ನೊಂದಕ್ಕೆ ಸಹಿಯಾಯಿತು. ಒಂದು ಪೆಟ್ಟಿಗೆ ಪೇಡೆ ಕೊಂಡು ಹೊರಟೆವು. ಹಿಂದಿರುಗುವ ದಾರಿಯಲ್ಲಿ ದಾವಣಗೆರೆ ಬಂತು, ಕ್ಯಾತ್ಸಂದ್ರ ಬಂತು. ಅವನು ಒಂದು ಕಡೆಯೂ ನಿಲ್ಲಿಸೆನ್ನಲಿಲ್ಲ. ಆರೂವರೆ ಗಂಟೆಯಲ್ಲಿ ಬೆಂಗಳೂರು ಸೇರಿದೆವು. ನನ್ನ ಜೀವಮಾನದಲ್ಲಿ ಅಷ್ಟು ದೀರ್ಘವಾದ ಪ್ರಯಾಣವನ್ನು ನಾನು ಮಾಡಿಲ್ಲ.

ಎರಡು ವರ್ಷಗಳವರೆಗೆ ಅವನು ಆ ದಾರಿಯ ಮಾತೆತ್ತಲಿಲ್ಲ. 2025ರ ಜನವರಿಯಲ್ಲಿ ಒಂದು ಬೆಳಿಗ್ಗೆ ದೂರವಾಣಿಯಲ್ಲಿ ಅವನ ಧ್ವನಿ: "ಪತ್ರಿಕೆ ನೋಡಿದೆಯಾ? ಮಾರಿಕಣಿವೆ ಮತ್ತೆ ಕೋಡಿ ಬಿದ್ದಿದೆ. 2111ರವರೆಗೆ ಕಾಯಬೇಕಾಗಿಲ್ಲ. ಎಳನೀರಿನವನು ಮಾತು ಉಳಿಸಿಕೊಳ್ಳುತ್ತಾನೋ ಇಲ್ಲವೋ ನೋಡಬೇಡವೆ?"

"ಎಷ್ಟು ಗಂಟೆಗೆ ಹೊರಡೋಣ?" ಎಂದೆ.

"ಕ್ಯಾತ್ಸಂದ್ರದಲ್ಲಿ ಇಡ್ಲಿ ಬಿಸಿಯಾಗಿರುವ ಹೊತ್ತಿಗೆ" ಎಂದನು.