ತಗೋತಾರೆ ಅಂದ್ರೆ ಯಾವಾಗ?

ಮರ್ಸರ್ ಐಲ್ಯಾಂಡ್‌ನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೋದ ಚಳಿಗಾಲದ ಒಂದು ಸಂಜೆ, ಬಸ್ಸಿಗೆ ಹೊತ್ತಾಯಿತೆಂದು ಕೋಟು ಹಾಕಿಕೊಳ್ಳುತ್ತಿದ್ದೆ. ಆಫೀಸಿನಿಂದ ಬಂದ ಅವರ ಮಗಳು "ಅಮ್ಮನ ಬಿಪಿ ಮಾತ್ರೆ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. "ಎಸ್ ಎಸ್, ಶೀ ಟೇಕ್ಸ್" ಅಂದೆ. ನನ್ನ ತಲೆಯಲ್ಲಿದ್ದದ್ದು "ಹೂಂ, ಊಟ ಆದ್ಮೇಲೆ ತಗೋತಾರೆ" ಅಂತ. ಅವರು ತಿಳಿದುಕೊಂಡದ್ದು, ಮಾತ್ರೆ ಆಗಿದೆ ಅಂತ.

ಬೆಳಿಗ್ಗೆ ಹೋಗಿ ನೋಡಿದರೆ ವಾರದ ಮಾತ್ರೆ ಡಬ್ಬಿಯಲ್ಲಿ ಮಂಗಳವಾರದ ಖಾನೆ ಹಾಗೇ ತುಂಬಿದೆ! ಬಿಪಿ 180ರ ಹತ್ತಿರ. ಡಾಕ್ಟರಿಗೆ ಫೋನು, ಓಡಾಟ. ಮಧ್ಯಾಹ್ನದ ಹೊತ್ತಿಗೆ ಇಳಿಯಿತು ಅನ್ನಿ. ಮಗಳು ಬೈಯಲಿಲ್ಲ, ಆದರೆ ನನ್ನ ಮುಖ ನೋಡದೆ ಮಾತಾಡಿದರು. ಕೆಲಸ ಹೋಯಿತು ಅಂತಲೇ ಅಂದುಕೊಂಡೆ.

ಯೋಚಿಸಿದರೆ ತಪ್ಪು ಎಲ್ಲಾಯಿತು ಅಂತ ಹೊಳೆಯಿತು. ನಮ್ಮಲ್ಲಿ "ದಿನಾ ಬರ್ತೀನಿ" ಅಂತೀವಿ, "ನಾಳೆ ಬರ್ತೀನಿ" ಅಂತಲೂ ಅಂತೀವಿ. ಒಂದೇ ಮಾತು. "ಬರುವೆನು" ಶಾಲೆಯ ವ್ಯಾಕರಣದಲ್ಲಿತ್ತು, ಮನೆಯಲ್ಲಿ ಯಾರು ಹಾಗೆ ಮಾತಾಡ್ತಾರೆ? ಇಂಗ್ಲಿಷಿನ "ಟೇಕ್ಸ್" ದಿನದ ಅಭ್ಯಾಸ ಹೇಳುತ್ತದೆ. ಇವತ್ತು ತಗೊಂಡರೋ, ಇನ್ನು ತಗೋತಾರೋ, ಅದನ್ನು ಹೇಳುವುದೇ ಇಲ್ಲ.

ಆಮೇಲೆ ಕಿಂಗ್ ಕೌಂಟಿ ಲೈಬ್ರರಿಯವರ ಉಚಿತ ಇಂಗ್ಲಿಷ್ ತರಗತಿಗೆ ಸೇರಿದೆ. ಯಾವಾಗಲೂ ನಿಜವಾಗಿರುವುದಕ್ಕೂ ಇದೇ ಕಾಲ ಅಂತ ಮೇಷ್ಟ್ರು ಬೋರ್ಡಿನ ಮೇಲೆ "ದ ಬ್ರಿಡ್ಜ್ ಫ್ಲೋಟ್ಸ್" ಎಂದು ಬರೆದರು. ನಾವು ಸಿಯಾಟಲ್‌ಗೆ ದಾಟುವ ಐ-90 ಸೇತುವೆ ಲೇಕ್ ವಾಷಿಂಗ್ಟನ್ ಮೇಲೆ ತೇಲುವ ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳ ಮೇಲೆ ನಿಂತಿದೆ ತಾನೆ. ಹಿಂದಿನ ಬೆಂಚಿನವರೊಬ್ಬರು "ಅದು ಮುಳುಗಿತ್ತಲ್ಲ ಸಾರ್?" ಅಂದರು. ನಿಜವೇ. 1940ರಲ್ಲಿ ತೆರೆದ ಹಳೇ ಸೇತುವೆ 1990ರ ನವೆಂಬರ್‌ನಲ್ಲಿ, ರಿಪೇರಿ ನಡೆಯುವಾಗಲೇ, ಬಿರುಗಾಳಿ ಮಳೆಗೆ ನೀರು ತುಂಬಿ ಮುಳುಗಿತು. 1993ರಲ್ಲಿ ಮತ್ತೆ ಕಟ್ಟಿ ತೆರೆದರು. ಮೇಷ್ಟ್ರು ನಕ್ಕು ಕೆಳಗೆ ಬರೆದರು: "ಇಟ್ ಸ್ಯಾಂಕ್. ನೌ ಇಟ್ ಫ್ಲೋಟ್ಸ್." ಅವತ್ತು ನನಗೆ ಪಾಠ ಹತ್ತಿತು.

ಹತ್ತದೇ ಇರುವುದು ಆ ಎಸ್ ಒಂದೇ. ನಮ್ಮಲ್ಲಿ ಹೋಗ್ತೀನಿ, ಹೋಗ್ತೀಯ, ಹೋಗ್ತಾಳೆ ಅಂತ ಆಳಿಗೊಂದು ಬಾಲ. ಇವರಿಗೆ ಹೀ, ಶೀ, ಇಟ್‌ಗೆ ಮಾತ್ರ. ಅದೂ ಪ್ರಶ್ನೆ ಕೇಳಿದರೆ "ಡಸ್ ಶೀ ಟೇಕ್" ಅಂತ ಜಾಗ ಬದಲಾಯಿಸಿಬಿಡುತ್ತದೆ.

ಕೆಲಸ ಉಳಿಯಿತು. ಈಗ ಹೊರಡುವ ಮುಂಚೆ ಡಬ್ಬಿ ತೆರೆದು ತೋರಿಸಿ, "ಶೀ ಟುಕ್ ಇಟ್" ಅಥವಾ "ಶೀ ವಿಲ್ ಟೇಕ್ ಇಟ್ ಅಟ್ ಎಯ್ಟ್" ಅಂತ ಹೇಳಿಯೇ ಹೋಗುತ್ತೇನೆ. ಮಿಕ್ಕ ಮಾತಿನಲ್ಲಿ ಎಸ್ ಬಿಟ್ಟರೆ, ಅಜ್ಜಿ ಕುರ್ಚಿಯಲ್ಲಿ ಕೂತಲ್ಲಿಂದಲೇ ಹಾವಿನ ಹಾಗೆ "ಸ್ಸ್ಸ್" ಅಂತಾರೆ.