ಕಾಲು ಅಲ್ಲಾಡಿಸಬೇಡ, ದರಿದ್ರ! (ಭಾಗ 6)

ಫೋಟೊದಲ್ಲಿರೋದು ನಮ್ಮನೆ ಹಾಲ್. ರಾತ್ರಿ ಒಂದೂವರೆ. ಅಮ್ಮ ಈ ಗೋಡೆಯಿಂದ ಆ ಗೋಡೆಗೆ ನಡೀತಾ ಇದ್ದಾರೆ, ಅದಕ್ಕೇ ಮಸುಕು.

ಚಿಕ್ಕವಳಿದ್ದಾಗಿಂದ ಇದನ್ನ ನೋಡ್ತಾ ಬಂದಿದ್ದೀನಿ. ನನ್ನ ಫೀಸು, ಅಪ್ಪನ ಸಾಲ, ಏನೋ ಯೋಚನೆ ಅಂದ್ಕೊಂಡಿದ್ದೆ. ಕೇಳಿದ್ರೆ, "ಏನಿಲ್ಲ ಕಣೇ, ಕಾಲೊಳಗೆ ಏನೋ ಹರಿದಾಡಿದ ಹಾಗೆ. ನೀನು ಮಲ್ಕೊ." ನೋವಲ್ಲ, ಜೋಮೂ ಅಲ್ಲ. ಅಲ್ಲಾಡಿಸದೆ ಇರೋಕಾಗಲ್ಲ ಅಷ್ಟೆ. ನಡೆದ್ರೆ ಹೋಗತ್ತೆ, ಮಲಗಿದ್ರೆ ಮತ್ತೆ ಶುರು.

ಇದಕ್ಕೆ ಹೆಸರಿದೆ: ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನ ಬರೆದಿಟ್ಟಿದ್ದ. ಹೆಸರು ಬಂದಿದ್ದು 1945ರ ಸುಮಾರಿಗೆ, ಸ್ವೀಡನ್ನಿನ ನರವೈದ್ಯ ಎಕ್‌ಬೊಮ್ ಅವರಿಂದ. (ಕ್ಲಾಸಲ್ಲಿ ಬೆಂಚು ನಡುಗೋ ಹಾಗೆ ಕಾಲು ಕುಣಿಸ್ತೀರಲ್ಲ, ಅದು ಬೇರೆ. ಅದು ಬರೀ ಅಭ್ಯಾಸ. ದರಿದ್ರನೂ ಬರಲ್ಲ.)

ಅಪರೂಪದ ಕಾಯಿಲೆ ಇರಬೇಕು ಅಂದ್ಕೊಂಡೇ ಓದೋಕೆ ಕೂತೆ. ಯೂರೋಪು, ಅಮೆರಿಕಗಳಲ್ಲಿ ದೊಡ್ಡವರಲ್ಲಿ ನೂರಕ್ಕೆ 5ರಿಂದ 10 ಜನಕ್ಕೆ ಇದೆಯಂತೆ! ಔಷಧಿ ಬೇಕಾಗೋಷ್ಟು ಕಾಡೋದು 2-3 ಜನಕ್ಕೆ. ಏಷ್ಯಾದಲ್ಲಿ ಲೆಕ್ಕ ಕಡಿಮೆ. ಬೆಂಗಳೂರಲ್ಲೇ ಮಾಡಿದ ಒಂದು ಸಮೀಕ್ಷೆಯಲ್ಲಿ ಸುಮಾರು 2% ಸಿಕ್ಕಿತ್ತು. ಆದ್ರೆ ನಮ್ಮಮ್ಮನ ಥರದವರು ಯಾರ ಹತ್ರ ಹೇಳ್ಕೊಂಡಿರ್ತಾರೆ?

ಯಾರಿಗೆ ಬರತ್ತೆ ಅಂತ ಓದ್ತಾ ಹೋದ್ರೆ ನಮ್ಮನೆ ಕಥೆನೇ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚುಕಮ್ಮಿ ಎರಡರಷ್ಟು. ಬಸುರಿಯರಲ್ಲಿ ಐವರಲ್ಲಿ ಒಬ್ಬರಿಗೆ, ಅದೂ ಕೊನೆಯ ಮೂರು ತಿಂಗಳಲ್ಲಿ ಜಾಸ್ತಿ. ಹೆರಿಗೆ ಆದ್ಮೇಲೆ ಸಾಮಾನ್ಯವಾಗಿ ಹೋಗತ್ತೆ, ಕೆಲವರಿಗೆ ಮುಂದೆ ಮತ್ತೆ ಬರತ್ತೆ. ಅಮ್ಮನಿಗೆ ಮೊದಲು ಶುರುವಾಗಿದ್ದು ನಾನು ಹೊಟ್ಟೇಲಿದ್ದಾಗ. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೂ ಬರತ್ತೆ. ವಯಸ್ಸಾದ ಹಾಗೆ ಹೆಚ್ಚಾಗತ್ತೆ, ಆದ್ರೆ ಮಕ್ಕಳಿಗೂ ಬರಬಹುದು. ಚಿಕ್ಕ ವಯಸ್ಸಲ್ಲೇ ಶುರುವಾದೋರ ಮನೇಲಿ ಸಾಮಾನ್ಯವಾಗಿ ಇನ್ನೊಬ್ಬರಿಗೂ ಇರತ್ತೆ. ಅಜ್ಜಿ ರಾತ್ರಿ ಊಟ ಆದ್ಮೇಲೆ ಮೊಮ್ಮಕ್ಕಳನ್ನ ಕರೆದು "ಕಾಲು ತುಳೀರೋ" ಅಂತಿದ್ರು. ನಮಗೆ ಅದು ಆಟ.

ಇನ್ನೊಂದು ಕಾರಣ ಕಬ್ಬಿಣ. ಮಿದುಳಲ್ಲಿ ಕಬ್ಬಿಣ ಕಡಿಮೆಯಾದ್ರೆ ಡೋಪಮೈನ್ ಕೆಲಸ ಏರುಪೇರಾಗತ್ತೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನಕ್ಕೆ ರಕ್ತಹೀನತೆ ಇದೆ, ಇದು ಸರ್ಕಾರದ್ದೇ ಸಮೀಕ್ಷೆ. ಅಮ್ಮನ ಹಿಮೋಗ್ಲೋಬಿನ್ ಮಾತ್ರ ಸರಿಯಾಗೇ ಇತ್ತು. ಹಾಗಾಗಿ ಮೊದಲು ತೋರಿಸಿದ ಡಾಕ್ಟ್ರು "ಸುಸ್ತು, ರೆಸ್ಟ್ ಮಾಡಿ" ಅಂದು ಕಳಿಸಿದ್ರು. ರೆಸ್ಟ್ ಮಾಡಿದ್ರೇ ಬರೋ ಕಾಯಿಲೆಗೆ! ಎರಡನೆಯವರು ಫೆರಿಟಿನ್ ಬರೆದುಕೊಟ್ರು, ಅಂದ್ರೆ ದೇಹ ಕೂಡಿಟ್ಟಿರೋ ಕಬ್ಬಿಣದ ಲೆಕ್ಕ. ಈ ಕಾಯಿಲೆ ಇರೋರಿಗೆ 75ಕ್ಕಿಂತ ಕೆಳಗಿದ್ರೇ ಕಬ್ಬಿಣ ಕೊಡೋದನ್ನ ಯೋಚಿಸ್ತಾರೆ. ಅಮ್ಮನದ್ದು 11.

ಈಗ ಮಾತ್ರೆ ಶುರುವಾಗಿ ಮೂರು ತಿಂಗಳು. ಊಟದ ಜೊತೆ ಕಾಫಿ ಬಿಡಿಸಿದ್ದೀವಿ, ಅದು ಕಬ್ಬಿಣ ಹೀರೋಕೆ ಬಿಡಲ್ಲ. (ಅದಕ್ಕೆ ಮನೇಲಿ ಆದ ಜಗಳ ಇನ್ನೊಂದು ಭಾಗಕ್ಕಿರಲಿ.) ಶೀತಕ್ಕೆ ನುಂಗೋ ಕೆಲವು ಮಾತ್ರೆಗಳೂ ಇದನ್ನ ಕೆರಳಿಸ್ತವೆ, ಕೇಳಿ ತಗೊಳ್ಳಿ. ಪೂರ್ತಿ ಹೋಗಿಲ್ಲ. ವಾರಕ್ಕೆ ಎರಡು ರಾತ್ರಿ ನಡೀತಾರೆ, ಮೊದಲು ದಿನಾ ನಡೀತಿದ್ರು.

ಹೋದ ತಿಂಗಳು ರಾತ್ರಿ ಬಸ್ಸಲ್ಲಿ ಊರಿಗೆ ಬರುವಾಗ ನನಗೂ ಕಾಲೊಳಗೆ ಏನೋ ಹರಿದ ಹಾಗಾಯ್ತು. ಎದ್ದು ನಿಂತೆ, ಹೋಯ್ತು. ಕೂತೆ, ಬಂತು. ಇವತ್ತು ಬೆಳಗ್ಗೆ ಅಮ್ಮನೇ ಕರ್ಕೊಂಡು ಹೋಗಿ ರಕ್ತ ಕೊಡಿಸಿದ್ರು. ರಿಪೋರ್ಟ್ ನಾಳೆ ಸಂಜೆ.