ಜೋಡಿ ಗೂಡು

ಭಾನುವಾರ ಊಟವಾದ ಮೇಲೆ ಮಣಿಡಬ್ಬಿ ತೆಗೆದರೆ ಸಾಕು, ನಮ್ಮವಳು "ಶುರುವಾಯ್ತಾ ನಿಮ್ಮ ಮಣಿ ಸಂಸಾರ?" ಅನ್ನುತ್ತಾಳೆ.

ಡಬ್ಬಿಯಲ್ಲಿರುವುದು ಚನ್ನಪಟ್ಟಣದ ಮಣಿಗಳು. ಗಿರಗಿರ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ಕೆಂಪು, ಹಸಿರು, ನೀಲಿ ಒಂದೊಂದು ಸೇರಿಸಿ ದಾರ ಬಿಗಿದರೆ ನನ್ನ ಲೆಕ್ಕಕ್ಕೆ ಅದು ಪ್ರೋಟಾನು, ಒಂದೊಂದು ಮಣಿಯೂ ಒಂದು ಕ್ವಾರ್ಕು. ಕ್ವಾರ್ಕಿಗೆ ನಿಜವಾದ ಬಣ್ಣವೇನೂ ಇಲ್ಲ; ಅವನ್ನು ಕಟ್ಟಿಹಾಕುವ ಗುಣಕ್ಕೆ ವಿಜ್ಞಾನಿಗಳು ಇಟ್ಟ ಹೆಸರದು. ಮೂರು ಬಣ್ಣದ ಬುಗುರಿ ತಿರುಗಿದಾಗ ಬಣ್ಣ ಮಾಯವಾಗುತ್ತದಲ್ಲ, ಗುಂಪು ಹಾಗಿರಬೇಕು, ಅಷ್ಟೇ ನಿಯಮ. ಪ್ರತಿಕ್ವಾರ್ಕಿಗೆ ಮಣಿಯ ನಡುವಿಗೊಂದು ಕಪ್ಪು ಪಟ್ಟಿ ಎಳೆದಿದ್ದೇನೆ. ಹಸಿರಿನ ಜೊತೆ ಪಟ್ಟಿಯ ಹಸಿರು ಕೂಡಿದರೆ ಮೆಸಾನು.

ಇದು ಮಗ್ಗಿ ಪಾಠ. ನನ್ನ ಕೈ ತುರಿಸುವುದು ನಾಲ್ಕರ, ಐದರ ಕಟ್ಟಿಗೆ. 1964ರಲ್ಲಿ ಕ್ವಾರ್ಕಿನ ಕಲ್ಪನೆ ಮುಂದಿಟ್ಟ ಪುಟ್ಟ ಲೇಖನದಲ್ಲೇ ಮರ್ರಿ ಗೆಲ್-ಮನ್ ಇಂಥವಕ್ಕೂ ಜಾಗ ಬಿಟ್ಟಿದ್ದರು. 2003ರಲ್ಲಿ ಜಪಾನಿನ ಬೆಲ್ ಪ್ರಯೋಗಕ್ಕೆ ನಾಲ್ಕರ ಕಟ್ಟಿರಬಹುದಾದ ಎಕ್ಸ್(3872) ಎಂಬ ಕಣ ಸಿಕ್ಕಿತು. ಅದೇ ವರ್ಷ ಐದರ ಕಟ್ಟೂ ಸಿಕ್ಕಿತೆಂದು ಗುಲ್ಲೆದ್ದು, ಹೆಚ್ಚು ಮಾಹಿತಿ ಕೂಡಿದಂತೆ ಅದು ಮಂಜಿನ ಹಾಗೆ ಕರಗಿತು. ನೆಚ್ಚಬಹುದಾದ ಪೆಂಟಾಕ್ವಾರ್ಕು ಬಂದದ್ದು 2015ರಲ್ಲಿ, ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದಿಂದ.

ನನಗೆ ಮಾತ್ರ ಎಕ್ಸ್ ಮೇಲೇ ಮೋಹ. ಅದರ ತೂಕ ಎರಡು ಮೆಸಾನುಗಳ, ಒಂದು ಡಿ, ಇನ್ನೊಂದು ಡಿ-ಸ್ಟಾರ್, ಒಟ್ಟು ತೂಕಕ್ಕೆ ಕೂದಲೆಳೆಯಷ್ಟು ಹತ್ತಿರ. ಹಾಗಾದರೆ ನಾಲ್ಕೂ ಒಂದೇ ಗಂಟಿನಲ್ಲಿವೆಯೋ, ಎರಡು ಜೋಡಿಗಳು ದೂರ ನಿಂತು ಕಿರುಬೆರಳು ಹಿಡಿದಿವೆಯೋ?

ಈ ತಕರಾರು ಮಾಗಡಿ ಕಡೆಯ ಸೋದರಮಾವನ ರೇಷ್ಮೆಹುಳದ ಮನೆಯಲ್ಲೇ ನೋಡಿದ್ದು. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ದಟ್ಟವಾಗಿ ಬಿಟ್ಟರೆ ಎರಡು ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ರಾಮನಗರದ ಮಾರ್ಕೆಟ್ಟಿಗೆ ಹೊರಡುವ ಮುಂಚೆ ಮಾವ ಅವನ್ನು ಆರಿಸಿ ಪಕ್ಕಕ್ಕಿಡುತ್ತಿದ್ದ. "ಇದ್ರ ನೂಲು ಬಿಡ್ಸಕ್ಕಾಗಲ್ಲ ಕಣ್ಲಾ, ಎರಡ್ರದ್ದೂ ಸಿಕ್ಕಾಕ್ಕೊಂಡಿರ್ತದೆ." ಇನ್ನು ಕೆಲವು ಹೊರಗಿನ ಸಡಿಲ ಎಳೆಯಿಂದ ಸುಮ್ಮನೆ ಅಂಟಿಕೊಂಡಿರುತ್ತಿದ್ದವು, ಬೆರಳಲ್ಲಿ ಎಳೆದರೆ ಎರಡು. ದೂರದಿಂದ ಮಾತ್ರ ಯಾವುದು ಯಾವುದೆಂದು ಹೇಳಲು ಬರುತ್ತಿರಲಿಲ್ಲ.

ಎಕ್ಸ್ ಅಂಟಿಕೊಂಡ ಗೂಡು ಎನ್ನುವವರು ಬಹಳ ಮಂದಿ. ಎರಡರ ಬೆರಕೆ ಎನ್ನುವವರೂ ಇದ್ದಾರೆ. 2020ರಲ್ಲಿ ಎಲ್‌ಎಚ್‌ಸಿಬಿ ತೋರಿಸಿ, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇರುವ ಸಿಎಂಎಸ್ ಪ್ರಯೋಗವೂ ಕಂಡ ಎಕ್ಸ್(6900) ಬೇರೆ ಜಾತಿ: ಎರಡು ಚಾರ್ಮ್ ಕ್ವಾರ್ಕು, ಎರಡು ಪ್ರತಿಚಾರ್ಮ್, ಪ್ರೋಟಾನಿನ ಏಳು ಪಟ್ಟಿಗೂ ಮಿಕ್ಕ ತೂಕ. ನನ್ನ ಕಣ್ಣಿಗೆ ಅದು ಅಪ್ಪಟ ಜೋಡಿ ಗೂಡು. ಹುಟ್ಟಿದ್ದೇ ಒಡೆಯುವ ಇವನ್ನು ಯಾರೂ ಕಂಡವರಿಲ್ಲ. ಸಿಡಿದ ಚೂರುಗಳ ಲೆಕ್ಕ ಕೂಡಿಸಿ ಇತ್ತೆಂದು ತಿಳಿಯುತ್ತಾರೆ.

ಜೋಡಿ ಗೂಡಿನ ಗಂಟು ಹಾಕುವುದು ಸುಲಭ. ಸಡಿಲ ಕಟ್ಟೇ ಕಷ್ಟ: ದಾರ ಇರಬೇಕು, ಬಿಗಿಯಬಾರದು. ಹೋದ ವಾರ ಮೊಮ್ಮಗಳು ನನ್ನ ಎಕ್ಸ್ ಹಿಡಿದು ಎಳೆದಳು. ಸರಿಯಾಗಿ ಎರಡು ಜೋಡಿಯಾಗಿ ಬಿಚ್ಚಿತು, ನಾನು ಹಿಗ್ಗಿಹೋದೆ. ಆಮೇಲೆ ಅವಳು ಒಂದು ಜೋಡಿಯನ್ನೂ ಕಿತ್ತಳು. ಪಟ್ಟಿಯ ಹಸಿರು ಉರುಳಿ ಮಂಚದಡಿ ಸೇರಿತು.

ಕ್ವಾರ್ಕು ಒಂಟಿಯಾಗಿ ಸಿಗುವುದೇ ಇಲ್ಲವೆಂದು ನಮ್ಮವಳಿಗೆ ಹೇಳಿದೆ.

"ನಾಳೆ ಕಸ ಗುಡಿಸುವಾಗ ಸಿಗುತ್ತೆ ಬಿಡಿ" ಅಂದಳು.